ನಾಡಿ ಹಿಡಿಯದವರು

ಮಚ್ಛೇಂದ್ರನ ಕೈ ಕರ್ರಗಾದದ್ದು ದಾರದಿಂದ ಎಂದು ದವಾಖಾನೆಯವರು ಹೇಳಿದರು.

ಅವನ ತಾಯಿ ಜಿಜಾಬಾಯಿ ದೇವರ ಕರಿದಾರ ಕಟ್ಟಿದಳಂತೆ. ಬಿಗಿಯಾಗಿ ಕಟ್ಟಿದಳಂತೆ. ರಕ್ತ ನಿಂತಿತಂತೆ. ಕೈ ಸತ್ತಿತಂತೆ. ಬೀದರದ ದವಾಖಾನೆಯಲ್ಲಿ ಹುಟ್ಟಿದ ಈ ಮಾತು ರೈಲು ಹತ್ತಿ ಭಾಲ್ಕಿಗೆ ಹೋಯಿತು. ಬಸ್ಸು ಹತ್ತಿ ಔರಾದಕ್ಕೆ ಹೋಯಿತು. ಅಲ್ಲಿಂದ ನಡೆದುಕೊಂಡು ಅವರ ಊರು ಡಾಬಕಾ ತಲುಪಿತು. ಕೈ ಇನ್ನೂ ಮೈಗೆ ಅಂಟಿಕೊಂಡೇ ಇತ್ತು. ಮಾತು ಮಾತ್ರ ಜಿಲ್ಲೆಯೆಲ್ಲ ಸುತ್ತಿ ಬಂದಿತ್ತು.

ಮಚ್ಛೇಂದ್ರನ ತಂಗಿ ಶಾಲುಬಾಯಿ ಅದನ್ನು ಮೊದಲ ಸಲ ಕೇಳಿದ್ದು ದವಾಖಾನೆಯ ನಳದ ಹತ್ತಿರ. ಅಡಿಗೆಯ ಲಾಲ ಅಹ್ಮದ ಪಾತ್ರೆ ತೊಳೆಯುತ್ತಿದ್ದ. ಅವನ ದನಿಯಲ್ಲಿ ಕನಿಕರವೇ ಇತ್ತು.

"ಯಾಕಮ್ಮ, ಇಂಥಾ ಕಾಲದಾಗೂ ದಾರ ಕಟ್ಟತಾರೇನು? ಪಾಪ, ದುಡಿಯೋ ಕೈ ಹೋಯ್ತಲ್ಲ."

ಶಾಲುಬಾಯಿ ಆ ಮಾತಿನ ಮೂಲ ಹುಡುಕಿದಳು. ಇವನಿಗೆ ಯಾರು ಹೇಳಿದರು? ಅಡಿಗೆಮನೆಗೆ ಚಹಾಕ್ಕೆ ಬರುವವನು ಒಬ್ಬನೇ. ಕಂಪೌಂಡರ ಗುಂಡೇರಾವ.

ಅವಳು ಮಾತು ಕಡಿಮೆಯ ಹುಡುಗಿ. ಮಂದಿ ಎದುರಿಗೆ ಬಂದರೆ ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡು ನೆಲ ನೋಡುವವಳು. ಮೂರನೆಯ ಇಯತ್ತೆಗೇ ಸಾಲೆ ಬಿಟ್ಟಿದ್ದಳು. ಅಲ್ಲಿ ಮಾಸ್ತರರು ಊರ ಹೊರಗಿನ ಕೇರಿಯ ಮಕ್ಕಳ ಪಾಟಿಯನ್ನು ನೆಲದ ಮೇಲೆ ಇಡಿಸುತ್ತಿದ್ದರು. ಮಕ್ಕಳು ದೂರ ಸರಿದ ಮೇಲೆ ಬಗ್ಗಿ ನೋಡುತ್ತಿದ್ದರು. ಶಾಲುಬಾಯಿ ಅಲ್ಲಿ ಅಕ್ಷರಕ್ಕಿಂತ ಹೆಚ್ಚಾಗಿ ಒಂದನ್ನು ಕಲಿತಳು. ಯಾರು ಎಷ್ಟು ದೂರ ನಿಲ್ಲುತ್ತಾರೆ ಎಂದು ನೋಡುವುದು.

ಮಚ್ಛೇಂದ್ರ ಭಾಲ್ಕಿ ಸ್ಟೇಷನ್ನಿನಲ್ಲಿ ಹಮಾಲ. ಬಲಗೈಯಲ್ಲಿ ಕಬ್ಬಿಣದ ಕೊಕ್ಕೆ ಹಿಡಿದು ಉದ್ದಿನ ಚೀಲಕ್ಕೆ ಹಾಕುತ್ತಿದ್ದ. ಒಂದೇ ಎಳೆತಕ್ಕೆ ಚೀಲ ಬೆನ್ನಿಗೆ ಬರುತ್ತಿತ್ತು. ಆ ಕೈ ನಂಬಿ ಮೂರು ಹೊಟ್ಟೆ ಬದುಕಿದ್ದವು. ಅವನ ಬೆನ್ನಿನ ಚರ್ಮ ಎತ್ತಿನ ಹೆಗಲಿನಂತೆ ದಪ್ಪಗಾಗಿತ್ತು.

ದಸರೆಗೆ ಅವನು ಹಮಾಲರ ಜೊತೆ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ. ಹೋದವನೇ ಬೇರೆ, ಬಂದವನೇ ಬೇರೆ. ಗೂಡಿನಲ್ಲಿದ್ದ ದೇವರುಗಳನ್ನೆಲ್ಲ ಗಂಟು ಕಟ್ಟಿ ಮಾಂಜ್ರಾ ಹೊಳೆಗೆ ಬಿಟ್ಟ. ತನ್ನ ಕೊರಳಿನ ದಾರ ಹರಿದ. ತಂಗಿಯದನ್ನೂ ಹರಿದ. "ಇನ್ನ ಈ ಮನ್ಯಾಗ ದಾರ ಗೀರ ಕಾಣಬಾರದವ್ವ" ಎಂದ. ಜಿಜಾಬಾಯಿ ಅತ್ತಳು. ಸತ್ತ ದನ ಇನ್ನು ಎಳೆಯುವುದಿಲ್ಲ ಎಂದು ಗೌಡರ ಅಂಗಳದಲ್ಲಿ ನಿಂತು ಹೇಳಿ ಬಂದ. ಮರುದಿನದಿಂದ ಬಾವಿಯ ಹತ್ತಿರ ಕೇರಿಯ ಕೊಡಗಳಿಗೆ ನೀರು ಹೊಯ್ಯುವವರು ಯಾರೂ ಬರಲಿಲ್ಲ. ಬಾವಿಗೆ ತಾವೇ ಇಳಿಯುವಂತಿಲ್ಲ. ಕೇರಿ ಹಳ್ಳದ ನೀರು ಕುಡಿಯಿತು.

ಆ ನೀರು ಮಚ್ಛೇಂದ್ರನನ್ನು ಕೆಡವಿತು. ವಾಂತಿ, ಭೇದಿ. ಕಣ್ಣು ಗುಳಿ ಬಿದ್ದವು. ಗಾಡಿ ಕೊಡುವವರಿಲ್ಲ. ಕೇರಿಯ ಗಂಡಸರು ಹೊರಸಿನ ಮೇಲೆ ಹೊತ್ತು ಸಡಕಿಗೆ ತಂದರು. ಔರಾದದಲ್ಲಿ ಬಸ್ಸಿನ ಹಿಂಬದಿಯ ನೆಲದ ಮೇಲೆ ಮಲಗಿಸಿಕೊಂಡು ತಾಯಿ ಮಗಳು ಬೀದರಕ್ಕೆ ಬಂದರು.

ದವಾಖಾನೆಯಲ್ಲಿ ಮಂಚ ಖಾಲಿ ಇದ್ದವು. ಆದರೂ ಮಚ್ಛೇಂದ್ರನನ್ನು ಪಡಸಾಲೆಯ ಕೊನೆಗಿದ್ದ ಇದ್ದಿಲಿನ ಕೋಣೆಗೆ ಹಾಕಿದರು. ಒಬ್ಬರೇ ಹಾಯುವಷ್ಟು ಇಕ್ಕಟ್ಟಾದ ಬಾಗಿಲು. ಕಿಟಕಿ ಇಲ್ಲ. ಡಾಕ್ಟರು ಹೊಸ್ತಿಲಲ್ಲಿ ನಿಂತು ನೋಡಿದರು. ಬಾಟಲಿ ಏರಿಸಲು ಹೇಳಿದರು. ರಕ್ತದ ಒತ್ತಡ ನೆಲ ಹಿಡಿದಿದೆ, ಅದನ್ನು ಎತ್ತುವ ಮದ್ದು ಬಾಟಲಿಯಲ್ಲಿ ಬೆರೆಸು ಎಂದು ಗುಂಡೇರಾವನಿಗೆ ಹೇಳಿ ಹೋದರು.

ಗುಂಡೇರಾವ ನಿಜಾಮನ ಕಾಲದಿಂದ ಅಲ್ಲಿದ್ದವನು. ಕೇರಿಯವರನ್ನು ಮುಟ್ಟದೆ ಮದ್ದು ಮಾಡುವುದು ಅವನಿಗೆ ರೂಢಿಯಾಗಿತ್ತು. ನಾಡಿ ನೋಡಬೇಕಾದರೆ ರೋಗಿಯ ಮನೆಯವರ ಬೆರಳನ್ನೇ ಮಣಿಕಟ್ಟಿನ ಮೇಲೆ ಇಡಿಸುತ್ತಿದ್ದ. ತಾನು ಬಾಗಿಲಲ್ಲಿ ಗಡಿಯಾರ ಹಿಡಿದು ನಿಲ್ಲುತ್ತಿದ್ದ. ನಾಡಿ ಬಡಿದಾಗೊಮ್ಮೆ ಅವರು "ಹೂಂ" ಎನ್ನಬೇಕು. ಅವನು ಹೂಂಗಳನ್ನು ಎಣಿಸುತ್ತಿದ್ದ.

ಜಿಜಾಬಾಯಿ ಮಗನ ಮಣಿಕಟ್ಟು ಹಿಡಿದು ಹೂಂ, ಹೂಂ ಎಂದಳು. ಅಳುತ್ತ ಎಂದಳು. ಎಷ್ಟು ಹೂಂ ನಾಡಿಯದು, ಎಷ್ಟು ಬಿಕ್ಕಿನದು ಯಾರಿಗೂ ತಿಳಿಯಲಿಲ್ಲ.

"ರಟ್ಟಿಗೆ ಈ ರಬ್ಬರ ಕಟ್ಟು ಮುದುಕಿ. ಇನ್ನಾ ಬಿಗಿ. ಹಾಂ. ಮುಂಗೈ ಚರ್ಮ ಎಳದು ಹಿಡಿ."

ಅವಳು ಹಿಡಿದಳು. ಗುಂಡೇರಾವ ಬಗ್ಗಿ ಚುಚ್ಚಿದ. ಅವನ ಬೆರಳಿಗೆ ತಾಗಿದ್ದು ಸೂಜಿಯ ಹಿತ್ತಾಳೆಯ ಬುಡ ಮಾತ್ರ.

"ರಬ್ಬರ ಬಿಚ್ಚು. ಸೂಜಿ ಮ್ಯಾಲ ಪಟ್ಟಿ ನೀನೇ ಅಂಟಸು."

ಜಿಜಾಬಾಯಿ ಅದನ್ನು ಎಂದೂ ಮಾಡಿದವಳಲ್ಲ. ಹೆಂಗೋ ಅಂಟಿಸಿದಳು. ಬಿಚ್ಚಿದ ರಬ್ಬರನ್ನು ಶಾಲುಬಾಯಿ ಫಿನಾಯಿಲಿನಲ್ಲಿ ತೊಳೆದು ಮೊಳೆಗೆ ತೂಗು ಹಾಕಬೇಕಾಯಿತು. ಅದು ಒಣಗುವ ತನಕ ಗುಂಡೇರಾವ ಅದನ್ನು ತೆಗೆದುಕೊಳ್ಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸೂಜಿಯ ಸುತ್ತ ಬಾವು ಬಂತು. ಚರ್ಮ ಬೆಳ್ಳಗೆ, ಸುಣ್ಣದ ಹಾಗಾಯಿತು. ಶಾಲುಬಾಯಿ ಮುಟ್ಟಿ ನೋಡಿದಳು. ಹೆಣದಂತೆ ತಣ್ಣಗೆ. ಇನ್ನೊಂದು ಕೈ ಅಷ್ಟು ತಣ್ಣಗಿರಲಿಲ್ಲ. ಸೆರಗು ಕಚ್ಚಿಕೊಂಡೇ ಪಡಸಾಲೆಗೆ ಹೋದಳು.

"ರೀ, ಸೂಜಿ ಹಾಕಿದ ಕೈ ಬಾತದರಿ. ಬೆಳ್ಳಗಾಗ್ಯಾದ."

"ಬಾಟ್ಲ್ಯಾಗ ಹನಿ ಬೀಳ್ಲತ್ತಾವೇನು?"

"ಬೀಳ್ಲತ್ತಾವರಿ."

"ಮತ್ತೇನ? ವಾಂತಿ ಭೇದಿ ಆದವರ ಕೈ ತಣ್ಣಗೇ ಇರ್ತಾವ. ನೀ ಯಾವಾಗ ಡಾಕ್ಟರ್ಕಿ ಓದಿದೆಲೆ?"

ಪಡಸಾಲೆಯಲ್ಲಿ ಕೂತವರು ನಕ್ಕರು. ಅವಳು ತಿರುಗಿ ಬಂದಳು. ಮತ್ತೆ ಹೋದಳು. ಹೊತ್ತು ಇಳಿದಾಗ ಜಿಜಾಬಾಯಿಯೂ ಹೋಗಿ ನೆಲಕ್ಕೆ ಹಣೆ ಹಚ್ಚಿದಳು. ಗುಂಡೇರಾವ ಬಾಗಿಲ ತನಕ ಬಂದ. ಬಾಟಲಿ ನೋಡಿದ. ಹನಿ ಬೀಳುತ್ತಿತ್ತು. ಹೋದ. ಆ ಹನಿ ನರದೊಳಗೆ ಹೋಗುತ್ತದೋ ಮಾಂಸದೊಳಗೆ ಹೋಗುತ್ತದೋ ತಿಳಿಯಬೇಕಾದರೆ ಬೆರಳಿಟ್ಟು ಒತ್ತಬೇಕು. ಬೆರಳು ಇಡುವವರು ಯಾರು?

ಮಚ್ಛೇಂದ್ರ ಬದುಕಿದ. ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಶಾಲೂ, ನನ್ನ ಬಳ್ಳ ಎಲ್ಲವ?" ಬೆರಳುಗಳು ಇದ್ದವು. ಕರ್ರಗೆ, ಒಣಗಿದ ಬದನೆಕಾಯಿಯ ಹಾಗೆ. ಅವು ಅವನ ಮಾತು ಕೇಳುತ್ತಿರಲಿಲ್ಲ.

ಬೀದರ ಆಗಷ್ಟೇ ಮೈಸೂರು ರಾಜ್ಯಕ್ಕೆ ಸೇರಿತ್ತು. ದವಾಖಾನೆಯ ಉರ್ದು ಬೋರ್ಡಿನ ಮೇಲೆ ಬಣ್ಣ ಬಳಿದು ಕನ್ನಡ ಬರೆದಿದ್ದರು. ಮೈಸೂರಿನಿಂದ ದೊಡ್ಡ ಡಾಕ್ಟರು ತಪಾಸಣೆಗೆ ಬರುತ್ತಾರೆ ಎಂಬ ಸುದ್ದಿ ಬಂತು. ಬಂದದ್ದೇ ತಡ, ಗುಂಡೇರಾವ ಬದಲಾದ. ಲಾಲ ಅಹ್ಮದನ ಕೈಯಲ್ಲಿ ಮಚ್ಛೇಂದ್ರನಿಗೆ ಹಾಲು ರೊಟ್ಟಿ ಕಳಿಸಿದ. ಶಾಲುಬಾಯಿಯನ್ನು "ತಂಗಿ" ಎಂದು ಕರೆದ. ನಿನ್ನೆಯ ತನಕ ಲೇ ಇದ್ದದ್ದು ಇಂದು ತಂಗಿ ಹ್ಯಾಗಾಯಿತು? ಅವಳು ಹಾಲನ್ನು ಮೊದಲು ತಾನು ಕುಡಿದಳು. ಸ್ವಲ್ಪ ಹೊತ್ತು ಕೂತು ನೋಡಿದಳು. ಆಮೇಲೆ ಅಣ್ಣನಿಗೆ ಕೊಟ್ಟಳು.

ಇನ್ನೊಂದನ್ನೂ ನೋಡಿದಳು. ಕರ್ರಗಾದದ್ದು ಮೊಣಕೈ ಕೆಳಗೆ. ಗುಂಡೇರಾವ ಪಟ್ಟಿ ಸುತ್ತಿಸಿದ್ದು ಬೆರಳಿನಿಂದ ಭುಜದ ತನಕ. ನೆಟ್ಟಗಿದ್ದ ಚರ್ಮ ಯಾಕೆ ಮುಚ್ಚಬೇಕು?

ಪಟ್ಟಿ ಸುತ್ತುವವಳು ನರ್ಸ ಸಲೋಮಿ. ಮಿಷನ್ನಿನಲ್ಲಿ ಕಲಿತ ಕ್ರಿಸ್ತರ ಹೆಣ್ಣು. ಮಚ್ಛೇಂದ್ರ ಬಂದ ದಿನ ಅವಳು ಇರಲಿಲ್ಲ. ಭಾಲ್ಕಿ ಕಡೆಯ ಹಳ್ಳಿಗಳಿಗೆ ಕಾಲರಾ ಲಸಿಕೆ ಹಾಕಲು ಹೋಗಿದ್ದಳು. ಅವಳು ಮುಟ್ಟುತ್ತಿದ್ದಳು. ನಾಡಿ ಹಿಡಿಯುತ್ತಿದ್ದಳು. ಆದರೂ ಶಾಲುಬಾಯಿ ಅವಳನ್ನು ನಂಬಿರಲಿಲ್ಲ. ಬಿಳಿ ಬಟ್ಟೆ ಯಾರು ಉಟ್ಟರೂ ಬಿಳಿ ಬಟ್ಟೆಯವರ ಕಡೆಗೇ ಎಂದುಕೊಂಡಿದ್ದಳು.

ಆ ದಿನ ಪಟ್ಟಿ ಬಿಚ್ಚುತ್ತ ಸಲೋಮಿ ದನಿ ತಗ್ಗಿಸಿದಳು.

"ಶಾಲೂ, ದೊಡ್ಡ ಸಾಹೇಬರು ಬರ್ತಾರ. ದಾರದ ಮಾತು ಕೇಳಿದ್ರ ಸುಮ್ನ ಹೂಂ ಅನ್ನು. ಇಲ್ಲೇ ಆಯಾ ನೌಕರಿ ಕೊಡಸ್ತಾರಂತ ನಿನಗ."

"ಯಾರು ಹೇಳಿ ಕಳಸ್ಯಾರ?"

"ಯಾರು ಹೇಳಿದ್ರೇನು? ಅಣ್ಣನ ಕೈ ಹೋಗೇ ಹೋಗ್ತದ. ಮನಿ ನಡೀಬೇಕಲ್ಲ?"

"ದಾರದಿಂದ ಹೀಂಗ ಆಗ್ತದೇನು? ನೀ ಕಲತಾಕಿ. ಹೇಳು."

ಸಲೋಮಿ ಬಾಗಿಲು ನೋಡಿದಳು. "ಆ ಮದ್ದು ನರದಾಗಿದ್ರ ಜೀವ ಉಳಸ್ತದ. ನರದಿಂದ ಹೊರಗ ಸೋರ್ತಂದ್ರ ಸುತ್ತಿನ ಮಾಂಸಕ್ಕ ರಕ್ತಾನೇ ಬರಂಗಿಲ್ಲ. ಘಳಿಗಿಗೊಮ್ಮೆ ಮುಟ್ಟಿ ನೋಡ್ಬೇಕು. ಬಾತಿದ್ರ ಸೂಜಿ ತಗದು ಬ್ಯಾರೆ ಕಡಿ ಹಾಕ್ಬೇಕು." ಪಟ್ಟಿಯ ಸುರುಳಿ ಅವಳ ಕೈಯಲ್ಲಿ ನಿಂತಿತು. "ನಾ ಹೇಳ್ದೆ ಅನಬ್ಯಾಡ. ನಂಗೂ ಇಲ್ಲಿ ಚಹಾ ಬ್ಯಾರೆ ಕಪ್ಪಿನಾಗೇ ಕೊಡ್ತಾರ."

ಶಾಲುಬಾಯಿ ಆಗ ಅವಳ ಮುಖ ಸರಿಯಾಗಿ ನೋಡಿದಳು.

ಆದರೆ ಒಂದು ಸಂಶಯ ಅವಳನ್ನು ತಿನ್ನುತ್ತಿತ್ತು. ಅದು ಗುಂಡೇರಾವನ ಮೇಲಿನದಲ್ಲ. ಅವ್ವನ ಮೇಲಿನದು. ದೇವರನ್ನು ಹೊಳೆಗೆ ಬಿಟ್ಟಾಗ ಅವ್ವ ಅತ್ತಿದ್ದಳು. ದವಾಖಾನೆಗೆ ಬಂದಾಗಿನಿಂದ ಸೆರಗಿನ ಒಂದು ಗಂಟನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅಲ್ಲೇನಿದೆ?

ಜಿಜಾಬಾಯಿ ನಳಕ್ಕೆ ಹೊರಟಾಗ ಶಾಲುಬಾಯಿ ಸೆರಗು ಹಿಡಿದಳು. ಗಂಟು ಬಿಚ್ಚಿದಳು. ಕರಿದಾರ. ನಡುವೆ ಒಂದು ಕವಡೆ.

"ಅವ್ವಾ! ಕಟ್ಟಿದ್ದೇನು?"

"ಇಲ್ಲವ್ವ."

"ಖರೇ ಹೇಳು. ನಾ ಪಡಸಾಲಿಗಿ ಹೋದಾಗ ಕಟ್ಟಿದ್ದೇನು?"

"ಕಟ್ಟಬೇಕಂತ ತಂದಿದ್ದೆ. ಎಚ್ಚರಾದ್ರ ಬೈತಾನಂತ ಕಟ್ಟಲಿಲ್ಲ. ಸಾಯ್ಲತ್ತಿದ್ದ ಮಗ ಬೈತಾನಂತ ಹೆದರಿದೆ ನೋಡು. ನಿಂಗೂ ನನ್ನ ಮ್ಯಾಲೆ ನಂಬ್ಕಿ ಇಲ್ಲೇನು?"

ಇರಲಿಲ್ಲ. ಶಾಲುಬಾಯಿ ಒಳಗೆ ಹೋದಳು. ಪಟ್ಟಿ ಇನ್ನೂ ಪೂರ್ತಿ ಸುತ್ತಿರಲಿಲ್ಲ. ಅಣ್ಣನ ರಟ್ಟೆ ಹಿಡಿದು ಬೆಳಕಿಗೆ ತಿರುಗಿಸಿದಳು. ಹೆಗಲಿನಿಂದ ಮೊಣಕೈ ತನಕ ಬೆರಳಾಡಿಸಿದಳು. ಚರ್ಮ ಬೆಚ್ಚಗಿತ್ತು. ಸುತ್ತಲೂ ಎಲ್ಲಿಯೂ ಗೀರಿಲ್ಲ, ಬಳೆಯಂಥ ಗುರುತಿಲ್ಲ. ಸೂಜಿ ಚುಚ್ಚಿದ ತೂತಿನ ಸುತ್ತ ಕಪ್ಪು ದಟ್ಟವಾಗಿತ್ತು. ಅಲ್ಲಿಂದ ಅದು ಬೆರಳುಗಳತ್ತ ಇಳಿದಿತ್ತು.

ಅವ್ವ ಸುಳ್ಳು ಹೇಳಿರಲಿಲ್ಲ. ಶಾಲುಬಾಯಿ ಹೊರಗೆ ಬಂದು ದಾರವನ್ನು ಅವ್ವನ ಕೈಗೇ ಕೊಟ್ಟಳು.

ಮೈಸೂರಿನ ಡಾಕ್ಟರು ಬಂದರು. ಸಣ್ಣ ಮೈ, ಕನ್ನಡಕ, ಮೆತ್ತಗಿನ ಮಾತು. ಹಿಂದೆ ಗುಂಡೇರಾವ, ಅವನ ಹಿಂದೆ ತಟ್ಟೆ ಹಿಡಿದ ಸಲೋಮಿ. ಇದ್ದಿಲಿನ ಕೋಣೆ ತುಂಬಿತು. ಜಿಜಾಬಾಯಿ ಮೂಲೆಗೆ ಸರಿದಳು. ಶಾಲುಬಾಯಿ ಬಾಗಿಲ ಪಕ್ಕ ನಿಂತಳು.

"ಇವರೇನಾ ದಾರ ಕಟ್ಟಿದೋರು?"

"ಹೌದ್ರಿ ಸಾಹೇಬ. ಈ ಮುದುಕಿ. ಎಷ್ಟು ಹೇಳಿದ್ರೂ ಕೇಳಂಗಿಲ್ರಿ ಈ ಮಂದಿ. ಕಂಡ ಕೂಡ್ಲೇ ನಾನೇ ಬಿಚ್ಚಸಿದೆ. ಅಷ್ಟರಾಗ ಕೈ ಹೋಗಿತ್ತರಿ."

"ಹೌದೇನಮ್ಮ?" ಡಾಕ್ಟರು ಶಾಲುಬಾಯಿಯ ಕಡೆ ತಿರುಗಿದರು. "ಹೆದರಬೇಡ. ನಿಮಗೇನೂ ಶಿಕ್ಷೆ ಆಗಲ್ಲ. ತಿಳೀದೆ ಮಾಡಿದ್ದೀರಿ. ಹೌದು ಅಂದುಬಿಟ್ರೆ ಮುಗೀತು."

ಅವಳು ನೆಲ ನೋಡಿದಳು. ಸೆರಗು ಹಲ್ಲಿನಲ್ಲಿತ್ತು. ಗುಂಡೇರಾವನ ಚಪ್ಪಲಿ ಕಂಡವು. ಡಾಕ್ಟರ ಬೂಟು ಕಂಡವು. ಎರಡೂ ಮಂಚದಿಂದ ಒಂದೇ ಅಳತೆ ದೂರದಲ್ಲಿದ್ದವು.

"ಸರಿ ಬಿಡಿ. ಸುಮ್ಮನಿದ್ದಾಳೆ ಅಂದ್ರೆ ಒಪ್ಪಿದ ಹಾಗೇ."

"ಇಲ್ಲ."

ಆ ದನಿ ಯಾರದು ಎಂದು ಅವಳೇ ಬೆಚ್ಚಿದಳು. ಸೆರಗು ಬಾಯಿಂದ ಬಿದ್ದಿತ್ತು.

"ಏನು ಇಲ್ಲ?"

"ದಾರ ಕಟ್ಟಿಲ್ಲರಿ. ನಾ ಹೂಂ ಅನ್ನಂಗಿಲ್ಲ."

"ಸುಳ್ಳು ಸಾಹೇಬ!" ಗುಂಡೇರಾವ ಮುಂದೆ ಬಂದ. "ಮುದುಕಿ ಸೆರಗು ನೋಡ್ರಿ ಬೇಕಾದ್ರ. ಗಂಟಿನಾಗ ದಾರ ಅದ, ನಾನೇ ಕಂಡೀನಿ."

ಜಿಜಾಬಾಯಿ ಎದ್ದಳು. ಗಂಟು ತಾನೇ ಬಿಚ್ಚಿ ದಾರವನ್ನು ನೆಲಕ್ಕೆ ಒಗೆದಳು. "ಅದರಿ. ನನ್ನ ಸೆರಗಿನಾಗ ಅದ. ಮಗನ ಕೈಯಾಗ ಇರಲಿಲ್ಲ. ಅವನ ಕೈಗಿ ನಾ ಕಟ್ಟಿದ್ದು ಒಂದೇ, ನೀ ಕೊಟ್ಟ ರಬ್ಬರ. ಕಟ್ಟಂದಿ, ಕಟ್ಟಿದೆ. ಬಿಚ್ಚಂದಿ, ಬಿಚ್ಚಿದೆ. ನೀ ಮುಟ್ಟಬಾರದಂತ ಎಲ್ಲಾ ನಾನೇ ಮಾಡಿದೆ."

ಡಾಕ್ಟರ ಹುಬ್ಬು ಏರಿತು. ಶಾಲುಬಾಯಿ ಅದನ್ನು ನೋಡಿದಳು.

"ಗುರ್ತು ತೋರಸ್ಲಿರಿ," ಎಂದಳು. "ದಾರ ಕಟ್ಟಿದ್ರ ಸುತ್ತ ಗುರ್ತು ಇರಬೇಕು. ಪಟ್ಟಿ ಬಿಚ್ಚಿ, ಮುಟ್ಟಿ ತೋರಸ್ಲಿ."

"ತೋರಿಸಿ" ಎಂದರು ಡಾಕ್ಟರು.

ಗುಂಡೇರಾವ ಸೀಸದ ಕಡ್ಡಿ ತೆಗೆದು ದೂರದಿಂದ ರಟ್ಟೆಯ ಕಡೆ ಚಾಚಿದ. "ಇಲ್ಲೇರಿ."

"ಪಟ್ಟಿ ಬಿಚ್ಚಿ ತೋರಿಸಿ ಮಾರಾಯರೆ."

"ಸಲೋಮಿ, ಬಿಚ್ಚು."

"ಅಕ್ಕ, ನೀ ಅಲ್ಲೇ ನಿಲ್ಲು" ಎಂದಳು ಶಾಲುಬಾಯಿ.

ಸಲೋಮಿ ಇಬ್ಬರನ್ನೂ ನೋಡಿದಳು. ಆಮೇಲೆ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಕೈ ಕಟ್ಟಿದಳು. "ಇವತ್ತ ನಾ ಬಿಚ್ಚಂಗಿಲ್ಲರಿ ಸಾಹೇಬ."

ಅಷ್ಟು ಹೊತ್ತು ಮಲಗಿದ್ದ ಮಚ್ಛೇಂದ್ರ ಎದ್ದು ಕೂತ. ಎಡಗೈಯಿಂದ ಬಲಗೈಯನ್ನು ಚೀಲದ ಹಾಗೆ ಎತ್ತಿದ. ಗುಂಡೇರಾವನ ಎದೆಯ ಮುಂದೆ ಚಾಚಿದ. ಕೊಳೆತ ವಾಸನೆ ಕೋಣೆಯಲ್ಲಿ ಹರಡಿತು.

"ಹಿಡಿರಿ ರಾವಸಾಹೇಬ. ನಿಮ್ಮದೇ ಕೆಲಸ. ನೋಡ್ರಿ."

ಗುಂಡೇರಾವ ಹಿಂದೆ ಸರಿದ. ಇನ್ನೂ ಸರಿದ. ಗೋಡೆ ಬಂತು.

"ಸೂಜಿ ಹಾಕಿದ ಮೇಲೆ ನಾಡಿ ನೋಡ್ತಿದ್ದೋರು ಯಾರು?" ಡಾಕ್ಟರ ದನಿ ಈಗ ಮೆತ್ತಗಿರಲಿಲ್ಲ.

"ಅವರೇ ಹಿಡೀತಾರರಿ. ಅವರು ಹೂಂ ಅಂತಾರ. ನಾವು ಎಣಸ್ತೇವಿ. ಇಲ್ಲಿ ರಿವಾಜ ಹಂಗೇ ಅದ."

"ರಿವಾಜಾ? ಇದು ದವಾಖಾನೆ ಕಣ್ರಿ!"

ಗುಂಡೇರಾವ ಗೋಡೆಗೆ ಒರಗಿಕೊಂಡೇ ತಲೆ ಎತ್ತಿದ. "ನಿಮ್ಮ ಮೈಸೂರಾಗ ಇಲ್ಲೇನ್ರಿ ಸಾಹೇಬ?"

ಡಾಕ್ಟರ ಕೈಗಳು ಎಲ್ಲಿವೆ ಎಂದು ಶಾಲುಬಾಯಿ ನೋಡಿದಳು. ಬೆನ್ನ ಹಿಂದೆ ಇದ್ದವು. ಒಂದನ್ನೊಂದು ಹಿಡಿದುಕೊಂಡಿದ್ದವು.

ಆಮೇಲೆ ಅವು ಮುಂದೆ ಬಂದವು. ತಟ್ಟೆಯಿಂದ ಕತ್ತರಿ ತೆಗೆದುಕೊಂಡವು, ಚಿಮಟ ತೆಗೆದುಕೊಂಡವು. ಭುಜದಿಂದ ಕೆಳಗೆ ಪಟ್ಟಿ ಕತ್ತರಿಸಿ, ಚಿಮಟದಿಂದ ಎತ್ತಿ ಎತ್ತಿ ಬುಟ್ಟಿಗೆ ಹಾಕಿದರು. ಡಾಕ್ಟರು ಹಾಗೇ ಮಾಡುತ್ತಾರೇನೋ. ಹುಣ್ಣನ್ನು ಬರಿಗೈಯಲ್ಲಿ ಮುಟ್ಟಬಾರದೇನೋ. ಆದರೆ ಬೆಚ್ಚಗಿದ್ದ ರಟ್ಟೆಯನ್ನೂ ಅವರು ಚಿಮಟದ ತುದಿಯಿಂದಲೇ ಹೊರಳಿಸಿದರು.

"ದಾರದ್ದಲ್ಲ," ಎಂದರು. "ಮದ್ದು ನರದ ಹೊರಗೆ ಸೋರಿದೆ. ಮೊಣಕೈ ಕೆಳಗೆ ತೆಗೀಬೇಕು."

ಮಚ್ಛೇಂದ್ರ ಕಣ್ಣು ಮುಚ್ಚಿದ. ಜಿಜಾಬಾಯಿ ಅವನ ಬೆನ್ನಿನ ಮೇಲೆ ಕೈ ಇಟ್ಟಳು.

"ಹಾಗೇ ಬರೀತೀನಿ ಬಿಡಮ್ಮ. ದಾರದ ಮಾತು ಇರಲ್ಲ. ಮದ್ದು ಸೋರಿ ಹೀಗಾಯ್ತು ಅಂತ ಬರೀತೀನಿ."

"ಸೋರಿದ್ದು ಯಾಕ ತಿಳೀಲಿಲ್ಲ ಅಂತ ಬರೀತೀರಿ?"

"ಅದೆಲ್ಲ ಯಾಕಮ್ಮ? ಆಗೋದು ಉಂಟು. ಎಂಥಾ ದೊಡ್ಡ ಆಸ್ಪತ್ರೇಲೂ ಸೋರುತ್ತೆ."

"ಸೋರ್ತದರಿ. ಸೋರಿದ್ದು ನಾ ಹೋಗಿ ಹೇಳಿದೆ. ಅವ್ವ ಹೋಗಿ ಹೇಳಿದ್ಲು. ಇವರು ಬಾಗಲದಾಗ ನಿಂತು ಹನಿ ನೋಡಿದ್ರು, ಕೈ ನೋಡ್ಲಿಲ್ಲ. ಮುಟ್ಟಲಿಲ್ಲ ಅಂತ ಬರೀರಿ. ನಾವು ಹೊಲೇರಂತ ಮುಟ್ಟಲಿಲ್ಲ, ಅದಕ್ಕ ಕೈ ಹೋಯ್ತು ಅಂತ ಬರೀರಿ."

"ನೋಡಮ್ಮ, ಹಾಗೆಲ್ಲ ಬರೆಯೋಕಾಗಲ್ಲ. ನಿಮ್ಮ ಮೇಲಿನ ಆರೋಪ ಹೋಯ್ತಲ್ಲ, ಅಷ್ಟಕ್ಕೆ ಸಮಾಧಾನ ಮಾಡ್ಕೋ. ನಡೀರಿ ಗುಂಡೇರಾಯರೆ."

ಗುಂಡೇರಾಯರೆ. ಅವರಿಬ್ಬರ ನಡುವೆ ಏನೋ ಸರಿಹೋಯಿತು ಎಂದು ಶಾಲುಬಾಯಿಗೆ ಗೊತ್ತಾಯಿತು. ಇಬ್ಬರೂ ಬಾಗಿಲ ಕಡೆ ತಿರುಗಿದರು.

ಅವಳು ಪಕ್ಕದಿಂದ ಸರಿದು ಬಾಗಿಲ ನಡುವೆ ಬಂದು ನಿಂತಳು. ಎರಡೂ ಕೈ ಚೌಕಟ್ಟಿಗೆ ಹಚ್ಚಿದಳು. ತಲೆ ಎತ್ತಿದಳು.

"ದಾರಿ ಬಿಡಲೇ" ಎಂದ ಗುಂಡೇರಾವ.

"ಬಿಡಂಗಿಲ್ಲ. ನನ್ನ ಸರಸಿ ಹೋಗ್ರಿ."

ಗುಂಡೇರಾವ ಸೀಸದ ಕಡ್ಡಿ ಎತ್ತಿದ. ಅದನ್ನು ಎಲ್ಲಿಡಬೇಕು ಎಂದು ತಿಳಿಯದೆ ಇಳಿಸಿದ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಪಡಸಾಲೆಯಲ್ಲಿ ಮಂದಿ ಕೂಡಿದರು. ಲಾಲ ಅಹ್ಮದ ಸೌಟು ಹಿಡಿದುಕೊಂಡೇ ಓಡಿ ಬಂದ. ಏನಾಯಿತು, ಏನಾಯಿತು ಎಂದು ಕೇಳುತ್ತಿದ್ದರು.

"ಬರೀರಿ," ಎಂದಳು ಶಾಲುಬಾಯಿ. "ಇಲ್ಲಾ ಮುಟ್ರಿ."

ಸಲೋಮಿ ಕಟ್ಟಿದ ಕೈ ಬಿಚ್ಚಲಿಲ್ಲ. ಗಂಡಸರಿಬ್ಬರೂ ಶಾಲುಬಾಯಿಯ ಮುಂದೆ ನಿಂತರು. ಕೈ ಚಾಚಿದರೆ ತಾಗುವಷ್ಟು ಹತ್ತಿರ. ಚಾಚಲಿಲ್ಲ. ನಿಂತೇ ಇದ್ದರು.